ತಂದೆತಾಯಿಯ ರುಜು: ಮಕ್ಕಳ ಚಿತ್ರಹಕ್ಕಿನ ಚರಿತ್ರೆ

ಮಗುವಿನ ಚಿತ್ರವನ್ನು ಯಾರು ತೆಗೆಯಬಹುದು, ಯಾರಿಗೆ ತೋರಿಸಬಹುದು, ಅದರಿಂದ ಬಂದ ಹಣ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳು ಸಾಮಾಜಿಕ ಜಾಲತಾಣಗಳೊಂದಿಗೆ ಹುಟ್ಟಿದವು ಎಂಬುದು ಸಾಮಾನ್ಯ ತಿಳಿವಳಿಕೆಯಾಗಿದ್ದರೂ, ಅವು ನ್ಯಾಯಾಲಯದ ಮೆಟ್ಟಿಲು ಹತ್ತಿ ನೂರಿಪ್ಪತ್ತು ವರ್ಷಗಳು ಕಳೆದಿವೆ. ಆ ಚರಿತ್ರೆಯ ಉದ್ದಕ್ಕೂ ಒಂದು ನಂಬಿಕೆ ಅಲುಗದೆ ನಿಂತಿದೆ: ಮಗುವಿನ ಖಾಸಗಿತನಕ್ಕೆ ಅಪಾಯ ಬರುವುದು ಹೊರಗಿನವರಿಂದ, ವ್ಯಾಪಾರಿಯಿಂದ, ಪತ್ರಿಕೆಯವರಿಂದ, ಅದನ್ನು ಕಾಯುವವರು ತಂದೆತಾಯಿ. ಖಾಸಗಿತನವೆಂದರೆ ಇಲ್ಲಿ ಏನನ್ನಾದರೂ ಬಚ್ಚಿಡುವುದಲ್ಲ, ತನ್ನ ಮುಖ, ಹೆಸರು, ಬದುಕಿನ ವಿವರಗಳು ಯಾರ ಕಣ್ಣಿಗೆ ಬೀಳಬೇಕೆಂದು ತಾನೇ ನಿರ್ಧರಿಸುವ ಅಧಿಕಾರ. ಆ ಅಧಿಕಾರವನ್ನು ಮಗುವಿನ ಪರವಾಗಿ ಚಲಾಯಿಸುವ ರುಜುವನ್ನು ಕಾನೂನು ತಂದೆತಾಯಿಗೆ ಒಪ್ಪಿಸಿತು. ರುಜು ಹಾಕುವವರೇ ಚಿತ್ರವನ್ನು ಪ್ರಕಟಿಸುವವರೂ ಆದರೆ ಏನು ಮಾಡಬೇಕೆಂಬುದನ್ನು ಯೋಚಿಸಲು ಅದಕ್ಕೆ ಬಹುಕಾಲ ಕಾರಣವೇ ಕಾಣಲಿಲ್ಲ.

ಛಾಯಾಗ್ರಹಣ 1839ರಲ್ಲಿ ಪ್ಯಾರಿಸ್ಸಿನಲ್ಲಿ ಬಹಿರಂಗವಾದಾಗ ಮಕ್ಕಳ ಚಿತ್ರ ತೆಗೆಯುವುದು ಬಲು ಕಷ್ಟದ ಕೆಲಸವಾಗಿತ್ತು. ಫಲಕದ ಮೇಲೆ ಬೆಳಕು ಮೂಡಲು ಮೊದಮೊದಲು ನಿಮಿಷಗಳೇ ಬೇಕಾಗುತ್ತಿದ್ದವು. ಮುಂದೆ ಅದು ಸೆಕೆಂಡುಗಳಿಗೆ ಇಳಿದರೂ ಅಷ್ಟು ಹೊತ್ತು ಕೂಸು ಅಲುಗದೆ ಇರುವುದು ಎಲ್ಲಿ ಸಾಧ್ಯ? ಆದಕಾರಣ ತಾಯಿಯೇ ಮೈಮೇಲೆ ಬಟ್ಟೆ ಹೊದ್ದು, ಕುರ್ಚಿಯಂತೆಯೋ ಪರದೆಯಂತೆಯೋ ಕಾಣುವ ಹಾಗೆ ಕುಳಿತು, ಮಗುವನ್ನು ತೊಡೆಯ ಮೇಲೆ ಹಿಡಿದುಕೊಳ್ಳುವ ಪದ್ಧತಿ ಇಂಗ್ಲೆಂಡ್, ಅಮೆರಿಕಗಳ ಸ್ಟುಡಿಯೋಗಳಲ್ಲಿ ಬೆಳೆಯಿತು. ಹಾಗೆ ತೆಗೆದ ಚಿತ್ರ ಮನೆಯ ಗೋಡೆಗೋ ಪೆಟ್ಟಿಗೆಗೋ ಸೇರುತ್ತಿತ್ತು. ಮಗುವಿನ ಮುಖ ಮನೆ ದಾಟಿ ಅಂಗಡಿಯ ಸರಕಾಗಬಹುದೆಂಬುದನ್ನು ಎಲ್ಲರಿಗೂ ಕಾಣುವಂತೆ ತೋರಿಸಿದ್ದು ಛಾಯಾಚಿತ್ರವಲ್ಲ, ತೈಲಚಿತ್ರ. ಬ್ರಿಟಿಷ್ ಕಲಾವಿದ ಜಾನ್ ಎವರೆಟ್ ಮಿಲೇ 1886ರಲ್ಲಿ ಸೋಪಿನ ಗುಳ್ಳೆಯನ್ನು ನೋಡುತ್ತಾ ಕುಳಿತ ತನ್ನ ಮೊಮ್ಮಗನ ಚಿತ್ರ ಬರೆದನು. ಕೈಬದಲಾದ ಆ ಚಿತ್ರವನ್ನು ಪಿಯರ್ಸ್ ಸೋಪಿನ ಕಂಪನಿ ಕೊಂಡುಕೊಂಡು, ಅದರಲ್ಲಿ ಒಂದು ಸೋಪಿನ ತುಂಡನ್ನು ಸೇರಿಸಿ ಜಾಹೀರಾತಾಗಿ ಹಂಚಿತು. ಆ ಹುಡುಗ ದೊಡ್ಡವನಾಗಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಹುದ್ದೆಗೇರಿದರೂ 'ಬಬಲ್ಸ್' ಎಂಬ ಅಡ್ಡಹೆಸರು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅವನು ಅದನ್ನು ನಗುತ್ತಲೇ ಸಹಿಸಿಕೊಂಡಿದ್ದಿರಬಹುದು. ಎಲ್ಲರಿಗೂ ಅಡ್ಮಿರಲ್ ಪದವಿಯ ರಕ್ಷೆ ಇರುವುದಿಲ್ಲ.

ಎರಡು ವರ್ಷಗಳ ಬಳಿಕ, 1888ರಲ್ಲಿ, ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾ ಈ ವಿದ್ಯೆಯನ್ನು ಸ್ಟುಡಿಯೋದಿಂದ ಬೀದಿಗೆ ಇಳಿಸಿತು. ಇಪ್ಪತ್ತೈದು ಡಾಲರಿನ ಆ ಪೆಟ್ಟಿಗೆಯಲ್ಲಿ ನೂರು ಚಿತ್ರಗಳ ಸುರುಳಿ ತುಂಬಿರುತ್ತಿತ್ತು. 1900ರಲ್ಲಿ ಒಂದೇ ಡಾಲರಿಗೆ ಬಂದ ಬ್ರೌನಿ ಕ್ಯಾಮೆರಾವನ್ನು ಕಂಪನಿ ಮಕ್ಕಳಿಗೆಂದೇ ಪ್ರಚಾರ ಮಾಡಿತು. ಕುಳಿತು ಒಪ್ಪಿಗೆ ಕೊಟ್ಟವರ ಚಿತ್ರವನ್ನಷ್ಟೇ ತೆಗೆಯಬಹುದಾಗಿದ್ದ ಕಾಲ ಹೀಗೆ ಮುಗಿದು, ಅರಿವಿಗೇ ಬಾರದಂತೆ ಯಾರ ಚಿತ್ರವನ್ನಾದರೂ ಹಿಡಿಯುವ ಕಾಲ ಬಂತು. ಬಾಸ್ಟನ್ನಿನ ವಕೀಲರಾದ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ 1890ರ ಡಿಸೆಂಬರಿನಲ್ಲಿ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಪ್ರತಿಪಾದಿಸಿ ಬರೆದಾಗ, ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾ ಮತ್ತು ಸುದ್ದಿಗೆ ಹಸಿದ ಪತ್ರಿಕೆಗಳನ್ನೇ ಆ ಹಕ್ಕಿನ ಅಗತ್ಯಕ್ಕೆ ಕಾರಣವಾಗಿ ಮುಂದಿಟ್ಟರು. ಮನೆಯೊಳಗಿನ ಕ್ಯಾಮೆರಾ ಅವರ ಲೆಕ್ಕದಲ್ಲಿರಲಿಲ್ಲ; ಮನೆಯೆಂಬುದು ಅವರ ಪಾಲಿಗೆ ಆಶ್ರಯದ ಜಾಗ, ದಾಳಿ ಬರುವುದು ಬಾಗಿಲ ಆಚೆಯಿಂದ.

ಈ ಹಕ್ಕು ಮೊದಲ ಬಾರಿಗೆ ದೊಡ್ಡ ಪರೀಕ್ಷೆಗೆ ಒಳಗಾದ ಮೊಕದ್ದಮೆಯ ವಾದಿ ಇನ್ನೂ ಪ್ರಾಪ್ತವಯಸ್ಸಿಗೆ ಬರದ ಹುಡುಗಿ ಎಂಬುದು ಚರಿತ್ರೆಯಲ್ಲಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಅಬಿಗೇಲ್ ರಾಬರ್ಸನ್ ಎಂಬ ಆ ಹುಡುಗಿಯ ಭಾವಚಿತ್ರವನ್ನು ಒಂದು ಗೋಧಿಹಿಟ್ಟಿನ ಗಿರಣಿ, ಅವಳಿಗಾಗಲಿ ಮನೆಯವರಿಗಾಗಲಿ ತಿಳಿಸದೆ, ಶಿಲಾಮುದ್ರಣದಲ್ಲಿ, ಅಂದರೆ ಕಲ್ಲಿನ ಮೇಲೆ ಬಿಡಿಸಿದ ಚಿತ್ರವನ್ನು ಕಾಗದಕ್ಕೆ ಒತ್ತುವ ವಿಧಾನದಲ್ಲಿ, ಸುಮಾರು 25,000 ಪ್ರತಿಗಳಾಗಿ ಮುದ್ರಿಸಿ, ಅಂಗಡಿ, ಉಗ್ರಾಣ, ಮದ್ಯದಂಗಡಿಗಳಲ್ಲಿ ತೂಗುಹಾಕಿಸಿತು. ಪರಿಚಿತರು ಗುರುತಿಸಿ ಆಡಿಕೊಂಡದ್ದರಿಂದ ಅವಳು ಹಾಸಿಗೆ ಹಿಡಿದಳೆಂಬುದು ದಾವೆಯ ಹೇಳಿಕೆ. ಕೇಳಿದ ಪರಿಹಾರ 15,000 ಡಾಲರ್. ಕೆಳಗಿನ ನ್ಯಾಯಾಲಯಗಳು ಅವಳ ಪರವಾಗಿ ನಿಂತರೂ, 1902ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಾಲ್ಕು–ಮೂರರ ಬಹುಮತದಿಂದ ದಾವೆಯನ್ನು ವಜಾಗೊಳಿಸಿತು. ಚಿತ್ರದಲ್ಲಿ ನಿಂದನೆಯಿಲ್ಲ, ಮುಖ ಚೆನ್ನಾಗಿಯೇ ಮೂಡಿದೆ, ಖಾಸಗಿತನವೆಂಬ ಹಕ್ಕು ಹಳೆಯ ಕಾನೂನಿನಲ್ಲಿ ಎಲ್ಲಿಯೂ ಇಲ್ಲ ಎಂಬುದು ಮುಖ್ಯ ನ್ಯಾಯಾಧೀಶ ಆಲ್ಟನ್ ಪಾರ್ಕರ್ ಬರೆದ ತೀರ್ಪಿನ ತಿರುಳು. ಎರಡು ವರ್ಷಗಳ ಬಳಿಕ ಇದೇ ಪಾರ್ಕರ್ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ, ಕ್ಯಾಮೆರಾದವರು ತನ್ನನ್ನೂ ಮನೆಯವರನ್ನೂ ಬೆನ್ನು ಬಿಡುತ್ತಿಲ್ಲವೆಂದು ಸಿಡುಕಿದಾಗ, ರಾಬರ್ಸನ್ ಪತ್ರಿಕೆಯ ಮೂಲಕ ಅವನಿಗೆ ಬಹಿರಂಗ ಪತ್ರ ಬರೆದು ಅವನದೇ ತೀರ್ಪನ್ನು ನೆನಪಿಸಿದಳು. ನ್ಯಾಯಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಸೊಗಸಾದ ಪ್ರತ್ಯುತ್ತರಗಳು ಹೆಚ್ಚಿಲ್ಲ.

ಜನರ ಅಸಮಾಧಾನಕ್ಕೆ ಮಣಿದು ನ್ಯೂಯಾರ್ಕ್ ಶಾಸನಸಭೆ 1903ರಲ್ಲಿ ತಂದ ಕಾಯ್ದೆ, ಬದುಕಿರುವ ಯಾವುದೇ ವ್ಯಕ್ತಿಯ ಹೆಸರನ್ನೋ ಚಿತ್ರವನ್ನೋ ಲಿಖಿತ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಅಥವಾ ವ್ಯಾಪಾರಕ್ಕೆ ಬಳಸುವುದನ್ನು ಅಪರಾಧವೆಂದು ಸಾರಿತು. ವ್ಯಕ್ತಿ ಅಪ್ರಾಪ್ತನಾಗಿದ್ದರೆ ತಂದೆ, ತಾಯಿ ಅಥವಾ ಪಾಲಕರ ಒಪ್ಪಿಗೆ ಸಾಕು ಎಂಬ ಮಾತೂ ಅದರಲ್ಲೇ ಸೇರಿತು. ಆ ಕಾಲಕ್ಕೆ ಅದು ಸಹಜವಾದ, ಹಿತಕರವೂ ಆದ ಏರ್ಪಾಡಾಗಿತ್ತು, ಏಕೆಂದರೆ ಗಿರಣಿಯವನು ಇನ್ನು ಮೇಲೆ ಮನೆಯ ಬಾಗಿಲು ತಟ್ಟಿ ಕೇಳಬೇಕಾಯಿತು. ಬಾಗಿಲು ತೆರೆದವರು ಮಗುವನ್ನೂ ಕೇಳುವರೇ ಎಂಬುದು ಕಾನೂನಿನ ಕಾಳಜಿಯಾಗಲಿಲ್ಲ.

ತಂದೆತಾಯಿಯ ಒಪ್ಪಿಗೆಯನ್ನು ನಂಬದೆ ಸರಕಾರವೇ ಪಾಲಕನ ಜಾಗದಲ್ಲಿ ನಿಂತರೆ ಮಗುವಿಗೆ ಒಳಿತಾದೀತೇ ಎಂಬುದಕ್ಕೆ ಕೆನಡಾದ ಒಂಟಾರಿಯೋ ಪ್ರಾಂತ ಕಠೋರವಾದ ಉತ್ತರ ಕೊಟ್ಟಿತು. ಕಾಲಂಡರ್ ಎಂಬ ಊರಿನ ಸಮೀಪದ ಬಡ ಫ್ರೆಂಚ್ ಭಾಷಿಕ ರೈತ ದಂಪತಿ ಓಲಿವಾ ಮತ್ತು ಎಲ್ಜೀರ್ ಡಿಯಾನ್ ಅವರಿಗೆ 1934ರ ಮೇ 28ರಂದು ಒಂದೇ ಹೆರಿಗೆಯಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿದರು. ಐವರೂ ಬದುಕಿ ಉಳಿದ ಪಂಚಾವಳಿಗಳ ವಿಷಯ ಅದಕ್ಕೆ ಮೊದಲು ಯಾರೂ ಕೇಳಿದ್ದಿಲ್ಲ. ಕೆಲವೇ ದಿನಗಳಲ್ಲಿ ಶಿಕಾಗೋ ಮೇಳದ ಆಯೋಜಕರು ಮಕ್ಕಳನ್ನು ಪ್ರದರ್ಶನಕ್ಕಿಡಲು ಬಂದು ತಂದೆಯ ರುಜು ಪಡೆದರು. ಸಾಲ ಮತ್ತು ಹಸಿವಿನ ಆ ಮುಗ್ಗಟ್ಟಿನ ವರ್ಷಗಳಲ್ಲಿ ಅವನು ರುಜು ಹಾಕಿದ್ದು ಆಶ್ಚರ್ಯವೇನಲ್ಲ, ಬೇಗನೆ ಅವನು ಹಿಂದೆ ಸರಿಯಲೂ ಯತ್ನಿಸಿದನು. ಆದರೆ ಅಷ್ಟನ್ನೇ ನೆಪಮಾಡಿಕೊಂಡು, ಶೋಷಣೆಯಿಂದ ರಕ್ಷಿಸುವ ಹೆಸರಿನಲ್ಲಿ ಸರಕಾರ ಮಕ್ಕಳನ್ನು ತನ್ನ ವಶಕ್ಕೆ ತೆಗೆದುಕೊಂಡು, 1935ರಲ್ಲಿ ವಿಶೇಷ ಕಾಯ್ದೆಯೊಂದನ್ನೇ ಮಾಡಿ ಅವರನ್ನು ರಾಜ್ಯದ ಪಾಲ್ಯರನ್ನಾಗಿಸಿತು.

ಹೆತ್ತವರ ಮನೆಯ ಎದುರಿಗೇ, ಹೆರಿಗೆ ಮಾಡಿಸಿದ ವೈದ್ಯ ಅಲನ್ ಡಾಫೋ ಮೇಲ್ವಿಚಾರಣೆಯಲ್ಲಿ ಒಂದು ಶಿಶುಗೃಹ ಎದ್ದುನಿಂತಿತು. ಅದರ ಆಟದ ಅಂಗಳದ ಸುತ್ತ ಒಂದು ಮೊಗಸಾಲೆ ಕಟ್ಟಿ, ಒಳಗಿರುವ ಮಕ್ಕಳಿಗೆ ಹೊರಗಿನವರು ಕಾಣದಂತೆ, ಹೊರಗಿನವರಿಗೆ ಮಾತ್ರ ಮಕ್ಕಳು ಕಾಣುವಂತೆ ಜಾಲರಿ ಹಾಕಲಾಯಿತು. 1936ರಿಂದ 1943ರ ನಡುವೆ ಸುಮಾರು ಮೂವತ್ತು ಲಕ್ಷ ಮಂದಿ ಆ ಜಾಲರಿಯ ಹಿಂದೆ ನಡೆದುಹೋದರೆಂದು ಅಂದಾಜಿದೆ. ಜನ ಅದನ್ನು 'ಕ್ವಿಂಟ್‌ಲ್ಯಾಂಡ್' ಎಂದು ಕರೆದರು. ಛಾಯಾಚಿತ್ರದ ಏಕಸ್ವಾಮ್ಯವನ್ನು ಒಂದು ಸುದ್ದಿಸಂಸ್ಥೆಗೆ ಮಾರಲಾಯಿತು. ಓಟ್ಸ್, ಜೋಳದ ಪಾಕ, ಸೋಪು ಮೊದಲಾದ ಸರಕುಗಳ ಜಾಹೀರಾತುಗಳಲ್ಲಿ ಐದು ಮುಖಗಳು ಸಾಲಾಗಿ ಕಾಣಿಸಿಕೊಂಡವು. ಹಾಲಿವುಡ್ ಅವರನ್ನಿಟ್ಟುಕೊಂಡು ಚಿತ್ರಗಳನ್ನೂ ತೆಗೆಯಿತು. ಆದಾಯ ಮಕ್ಕಳ ಹೆಸರಿನ ನಿಧಿಗೆ ಹೋಗುತ್ತಿತ್ತಾದರೂ ಶಿಶುಗೃಹದ ಖರ್ಚು ಆ ನಿಧಿಯಿಂದಲೇ ಕಳೆಯುತ್ತಿತ್ತು, ಅಂದರೆ ತಮ್ಮನ್ನು ನೋಡಲು ಕಟ್ಟಿದ ಏರ್ಪಾಡಿನ ವೆಚ್ಚವನ್ನು ಮಕ್ಕಳೇ ಹೊತ್ತರು.

1943ರಲ್ಲಿ ಅವರನ್ನು ಹೆತ್ತವರಿಗೆ ಮರಳಿಸಿದಾಗ ಆ ಮನೆ ಅವರಿಗೆ ಹೊಸ ಜಾಗವಾಗಿತ್ತು. ಮುಂದೆ ಬೆಳೆದ ಸಹೋದರಿಯರು ಅಲ್ಲಿನ ದಿನಗಳ ಬಗ್ಗೆ ಕಹಿಯಾದ ಆರೋಪಗಳನ್ನೂ ಮಾಡಿದರು. ಅರುವತ್ತು ದಾಟಿದ ಮೇಲೆ, 1998ರಲ್ಲಿ, ಬದುಕುಳಿದಿದ್ದ ಮೂವರಿಗೆ ಒಂಟಾರಿಯೋ ಸರಕಾರ ನಲವತ್ತು ಲಕ್ಷ ಕೆನಡಿಯನ್ ಡಾಲರ್ ಪರಿಹಾರ ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ ಅಮೆರಿಕದ ಅಯೋವಾದಲ್ಲಿ ಒಂದೇ ಹೆರಿಗೆಯಲ್ಲಿ ಏಳು ಮಕ್ಕಳು ಹುಟ್ಟಿದಾಗ, ಆ ಮೂವರು ಸಹೋದರಿಯರು ಆ ಏಳು ಮಕ್ಕಳ ತಂದೆತಾಯಿಗೆ ಟೈಮ್ ಪತ್ರಿಕೆಯ ಮೂಲಕ ಪತ್ರ ಬರೆದು, ಹೆಚ್ಚು ಮಕ್ಕಳು ಒಟ್ಟಿಗೆ ಹುಟ್ಟುವುದನ್ನು ಮನರಂಜನೆಯೆಂದೋ ಸರಕು ಮಾರುವ ಅವಕಾಶವೆಂದೋ ಬಗೆಯಬಾರದೆಂದು ಬೇಡಿಕೊಂಡರು. ತಮ್ಮ ಚಿತ್ರದ ಬಗ್ಗೆ ಮಕ್ಕಳು ಆಡಬೇಕಿದ್ದ ಮಾತನ್ನು ಮುದುಕಿಯರಾಗಿ ಆಡಬೇಕಾಗಿ ಬಂದದ್ದು ಈ ಚರಿತ್ರೆಯ ಸ್ವಭಾವವನ್ನೇ ಹೇಳುತ್ತದೆ: ಮಗುವಿನ ದೂರು ಯಾವಾಗಲೂ ತಡವಾಗಿಯೇ ದಾಖಲಾಗುತ್ತದೆ.

ಕಾನೂನಿಗೆ ಮೊದಲು ಕಂಡದ್ದು ಚಿತ್ರವಲ್ಲ, ದುಡ್ಡು. ಚಾಪ್ಲಿನ್‌ನ 'ದಿ ಕಿಡ್' ಚಿತ್ರದ ಬಾಲನಟ ಜಾಕಿ ಕೂಗನ್, ದೊಡ್ಡವನಾದ ಮೇಲೆ ತನ್ನ ಲಕ್ಷಾಂತರ ಡಾಲರ್ ಗಳಿಕೆ ಕರಗಿಹೋಗಿರುವುದನ್ನು ಕಂಡು 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದಾಗ ಅವನಿಗೆ ದಕ್ಕಿದ್ದು ಸುಮಾರು 1,26,000 ಡಾಲರ್ ಮಾತ್ರ. ಮರುವರ್ಷ ಕ್ಯಾಲಿಫೋರ್ನಿಯಾ ತಂದ ಕಾಯ್ದೆ ಬಾಲನಟರ ಗಳಿಕೆಯ ಒಂದು ಪಾಲನ್ನು ಅವರಿಗಾಗಿ ಕಾದಿಡುವ ವ್ಯವಸ್ಥೆ ಮಾಡಿತು. ತಂದೆತಾಯಿಯ ಹಿತವೂ ಮಗುವಿನ ಹಿತವೂ ಯಾವಾಗಲೂ ಒಂದೇ ಅಲ್ಲವೆಂದು ಕಾನೂನು ಒಪ್ಪಿಕೊಂಡ ಅಪರೂಪದ ಸಂದರ್ಭ ಅದು, ಆದರೆ ಒಪ್ಪಿಕೊಂಡದ್ದು ಖಜಾನೆಯ ವಿಷಯದಲ್ಲಷ್ಟೇ.

ಮುಖದ ವಿಷಯದಲ್ಲಿ ಅದೇ ಪ್ರಶ್ನೆ ನ್ಯೂಯಾರ್ಕಿನ ಅದೇ ಅತ್ಯುನ್ನತ ನ್ಯಾಯಾಲಯದ ಮುಂದೆ 1983ರಲ್ಲಿ ಮತ್ತೆ ಬಂತು. ನಟಿ ಬ್ರೂಕ್ ಶೀಲ್ಡ್ಸ್ ಹತ್ತು ವರ್ಷದವಳಿದ್ದಾಗ ತೆಗೆದ, ಆ ವಯಸ್ಸಿಗೆ ಸಲ್ಲದ ಚಿತ್ರಗಳ ಬಳಕೆಗೆ ತಾಯಿ ಎಲ್ಲೆಯಿಲ್ಲದ ಒಪ್ಪಿಗೆ ಬರೆದುಕೊಟ್ಟಿದ್ದಳು. ಮಗಳು ಬೆಳೆದು ಅವನ್ನು ತಡೆಯಲು ಹೊರಟಳು. ಅಪ್ರಾಪ್ತರು ಮಾಡಿಕೊಂಡ ಕರಾರನ್ನು ಅವರು ಮುಂದೆ ನಿರಾಕರಿಸಬಹುದೆಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಯಮ. ಆದರೆ 1903ರ ಕಾಯ್ದೆ ಪಾಲಕರ ಲಿಖಿತ ಒಪ್ಪಿಗೆಯನ್ನೇ ಸಾಕೆಂದು ಹೇಳಿರುವುದರಿಂದ ಆ ರುಜು ಮಗಳನ್ನೂ ಕಟ್ಟಿಹಾಕುತ್ತದೆ, ಅವಳು ಅದನ್ನು ಹಿಂತೆಗೆಯಲಾರಳು ಎಂದು ನ್ಯಾಯಾಲಯ ತೀರ್ಮಾನಿಸಿತು. ಈ ಬಾರಿಯೂ ಬಹುಮತ ನಾಲ್ಕು–ಮೂರು. ರಾಬರ್ಸನ್‌ಳಂಥ ಹುಡುಗಿಯರನ್ನು ಕಾಯಲು ಹುಟ್ಟಿದ ಕಾಯ್ದೆ, ಎಂಬತ್ತು ವರ್ಷಗಳ ಬಳಿಕ ಇನ್ನೊಬ್ಬ ಹುಡುಗಿಯ ವಿರುದ್ಧ ಹೀಗೆ ತಿರುಗಿ ನಿಂತಿತು.

ಇಂಥ ಮೊಕದ್ದಮೆಗಳು ವಿರಳವಾಗಿದ್ದುದಕ್ಕೆ ಕಾರಣ ತಂದೆತಾಯಿಯ ಸಂಯಮವಲ್ಲ, ವಸ್ತುಗಳ ಮಿತಿ. ಆಲ್ಬಮ್ ಬೀರುವಿನಲ್ಲಿರುತ್ತಿತ್ತು, ಮನೆಗೆ ಬಂದ ನೆಂಟರಷ್ಟೇ ಅದನ್ನು ನೋಡುತ್ತಿದ್ದರು, ನೆಗೆಟಿವ್ ಕಳೆದರೆ ಚಿತ್ರವೂ ಕಳೆಯುತ್ತಿತ್ತು. ಕನ್ನಡ ನಾಡಿನಲ್ಲಿ ಇದರ ಜೊತೆಗೆ ದೃಷ್ಟಿಯ ಭಯವೂ ಕಾವಲಿಗಿತ್ತು: ಹಸುಗೂಸನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಇಡುವುದು, ಸ್ಟುಡಿಯೋಗೆ ಒಯ್ದಾಗಲೂ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವುದು, ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾದೀತೆಂದು ಅಂಜುವುದು ಹಿಂದಿನ ತಲೆಮಾರಿನ ನಡವಳಿಕೆ. ಆ ನಂಬಿಕೆಯೂ ಹೊರಗಿನ ಕಣ್ಣನ್ನೇ ಶಂಕಿಸಿತು, ಮನೆಯವರ ಆಸೆಯನ್ನಲ್ಲ. ಹಾಗಾಗಿ ಕನ್ನಡ ಪತ್ರಿಕೆಗಳು ಕೃಷ್ಣಜನ್ಮಾಷ್ಟಮಿಯ ಸಮಯದಲ್ಲಿ ಓದುಗರ ಮಕ್ಕಳ ಕೃಷ್ಣವೇಷದ ಚಿತ್ರಗಳನ್ನು ಹೆಸರು ಸಹಿತ ಪುಟಗಟ್ಟಲೆ ಅಚ್ಚುಹಾಕತೊಡಗಿದಾಗ ದೃಷ್ಟಿಬೊಟ್ಟು ಅಡ್ಡಬರಲಿಲ್ಲ. ಮಕ್ಕಳ ಚಿತ್ರವನ್ನು ಅಪರಿಚಿತರ ಮುಂದಿಟ್ಟು ಮೆಚ್ಚುಗೆ ಪಡೆಯುವ ಅಭ್ಯಾಸ ಇಲ್ಲಿ ಮೊಬೈಲಿಗಿಂತ ಹಳೆಯದು. ಮರುದಿನ ಆ ಹಾಳೆ ಅಂಗಡಿಯ ಪೊಟ್ಟಣವಾಗುತ್ತಿತ್ತು ಎಂಬುದೊಂದೇ ಸಮಾಧಾನ.

2004ರಲ್ಲಿ ಹುಟ್ಟಿದ ಫೇಸ್‌ಬುಕ್ 2006ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು, ಈ ನಡುವೆ 2005ರಲ್ಲಿ ಯೂಟ್ಯೂಬ್ ಬಂದಿತ್ತು. 2007ರಲ್ಲಿ ಇಂಗ್ಲೆಂಡಿನ ಒಬ್ಬ ತಂದೆ, ಕಿರಿಯ ಮಗ ಅಣ್ಣನ ಬೆರಳು ಕಚ್ಚುವ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ದೃಶ್ಯವನ್ನು ಅಮೆರಿಕದಲ್ಲಿದ್ದ ಆಪ್ತರೊಬ್ಬರಿಗೆ ತೋರಿಸಬಯಸಿ, ಇಮೇಲಿಗೆ ಹಿಡಿಸದ ಗಾತ್ರದ್ದೆಂದು ಯೂಟ್ಯೂಬಿಗೆ ಏರಿಸಿದನು. ಅದು ಆ ತಾಣದಲ್ಲೇ ಅತಿ ಹೆಚ್ಚು ಮಂದಿ ನೋಡಿದ ದೃಶ್ಯಗಳಲ್ಲಿ ಒಂದಾಯಿತು. ಒಬ್ಬರಿಗೆಂದು ಕಳಿಸಿದ್ದು ಕೋಟ್ಯಂತರ ಮಂದಿಗೆ ತಲಪುವ ಈ ಹೊಸ ಸ್ಥಿತಿಯಲ್ಲಿ ದುರುದ್ದೇಶದ ಪ್ರಶ್ನೆಯೇ ಬರುವುದಿಲ್ಲ, ತಾಣದ ರಚನೆಯೇ ಹಾಗಿದೆ. ಎವಿಜಿ ಎಂಬ ಕಂಪ್ಯೂಟರ್ ಭದ್ರತಾ ಕಂಪನಿ 2010ರಲ್ಲಿ ಹತ್ತು ದೇಶಗಳ ತಾಯಂದಿರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ, ಎರಡು ವರ್ಷ ತುಂಬದ ಮಕ್ಕಳಲ್ಲಿ ಶೇ. 81ರಷ್ಟು ಮಂದಿಯ ಚಿತ್ರವೋ ವಿವರವೋ ಆಗಲೇ ಅಂತರ್ಜಾಲದಲ್ಲಿತ್ತು; ಶೇ. 23ರಷ್ಟು ಮಕ್ಕಳದು ಗರ್ಭದ ಸ್ಕ್ಯಾನ್ ಚಿತ್ರದಿಂದಲೇ ಆರಂಭವಾಗಿತ್ತು. ತಂದೆತಾಯಿ ಮಕ್ಕಳ ಬದುಕನ್ನು ಹೀಗೆ ಹಂಚಿಕೊಳ್ಳುವ ರೂಢಿಗೆ ಇಂಗ್ಲಿಷಿನಲ್ಲಿ 'ಶೇರೆಂಟಿಂಗ್' ಎಂಬ ಹೆಸರು ಬಿದ್ದದ್ದು ಇದೇ ದಶಕದಲ್ಲಿ.

ಅಂತರರಾಷ್ಟ್ರೀಯ ಕಾನೂನಿನ ಅಡಿಪಾಯ ಇದಕ್ಕೆ ಮೊದಲೇ ಸಿದ್ಧವಾಗಿತ್ತು. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ, ಭಾರತ 1992ರಲ್ಲಿ ಸೇರಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಮಗುವಿಗೆ ಖಾಸಗಿತನದ ಹಕ್ಕನ್ನೂ, 12ನೆಯ ವಿಧಿ ತನ್ನ ಬಗೆಗಿನ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ ಕೊಡುತ್ತವೆ. ಆದರೂ ನ್ಯಾಯಾಲಯಗಳು ಹಳೆಯ ಹಾದಿಯಲ್ಲೇ ನಡೆದವು. ಗ್ರೀಸಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುವಿನ ಚಿತ್ರವನ್ನು ಅನುಮತಿಯಿಲ್ಲದೆ ತೆಗೆದ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಮಗುವಿನ ಹಕ್ಕನ್ನು ಎತ್ತಿಹಿಡಿಯಿತು. ಪ್ರಕಟಿಸುವುದಿರಲಿ, ತೆಗೆದು ಇಟ್ಟುಕೊಳ್ಳುವುದೇ ತಪ್ಪೆಂದಿತು. ತಪ್ಪಾದದ್ದು ತಂದೆತಾಯಿಯನ್ನು ಕೇಳದಿದ್ದುದರಿಂದ. ನೆದರ್ಲೆಂಡ್ಸಿನ ನ್ಯಾಯಾಲಯವೊಂದು 2020ರಲ್ಲಿ, ಮೊಮ್ಮಕ್ಕಳ ಚಿತ್ರಗಳನ್ನು ಫೇಸ್‌ಬುಕ್‌ನಿಂದ ತೆಗೆಯಲು ಒಪ್ಪದ ಅಜ್ಜಿಗೆ, ತೆಗೆಯದಿದ್ದರೆ ದಿನಕ್ಕೆ 50 ಯೂರೋ ದಂಡವೆಂದು ಆದೇಶಿಸಿತು. ಯುರೋಪಿನ ದತ್ತಾಂಶ ಕಾನೂನು ಮನೆಮಟ್ಟಿಗಿನ ಬಳಕೆಗೆ ವಿನಾಯಿತಿ ಕೊಡುತ್ತದೆ. ಫೇಸ್‌ಬುಕ್‌ನಲ್ಲಿ ಹಾಕಿದ ಚಿತ್ರ ಮೂರನೆಯವರ ಕೈಸೇರಬಹುದಾದ್ದರಿಂದ ಆ ವಿನಾಯಿತಿ ಸಲ್ಲದೆಂಬುದು ಆ ಆದೇಶದ ಮಹತ್ವದ ಮಾತು. ಅಲ್ಲಿಯೂ ದೂರು ಕೊಟ್ಟವಳು ಮಕ್ಕಳ ತಾಯಿ.

ಈ ಹಾದಿಯಿಂದ ಸ್ಪಷ್ಟವಾಗಿ ಹೊರಳಿದ್ದು ಫ್ರಾನ್ಸ್. ಅಲ್ಲಿನ 2020ರ ಅಕ್ಟೋಬರ್ ಕಾಯ್ದೆ, ಹದಿನಾರು ತುಂಬದ ಮಕ್ಕಳನ್ನು ಬಳಸಿ ವಿಡಿಯೋ ಮಾಡಿ ಗಳಿಸಿದ ಹಣವನ್ನು ಮಗುವಿನ ಹೆಸರಿನಲ್ಲಿ ಕಾದಿಡಬೇಕೆಂದಿತು. ಕೂಗನ್ ಕಾಯ್ದೆಯ ಹೊಸ ಸಂತಾನವೆನ್ನಬಹುದಾದ ಇಂಥದೇ ಕಾನೂನು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ ಜಾರಿಯಾಗಿದೆ. ಆದರೆ ಫ್ರೆಂಚ್ ಕಾಯ್ದೆ ಹಣದಲ್ಲಿ ನಿಲ್ಲದೆ, ತನ್ನ ದೃಶ್ಯಗಳನ್ನು ಅಳಿಸಬೇಕೆಂದು ತಂದೆತಾಯಿಯ ಒಪ್ಪಿಗೆಯಿಲ್ಲದೆ ಕೇಳುವ ಅಧಿಕಾರವನ್ನು ಮಗುವಿಗೇ ಕೊಟ್ಟಿತು. 2024ರ ಫೆಬ್ರವರಿ 19ರ ಇನ್ನೊಂದು ಕಾಯ್ದೆ, ಮಗುವಿನ ಚಿತ್ರಹಕ್ಕನ್ನು ತಂದೆತಾಯಿ ಇಬ್ಬರೂ ಸೇರಿ, ಮಗುವಿನ ವಯಸ್ಸು ಮತ್ತು ಬುದ್ಧಿಗೆ ತಕ್ಕಂತೆ ಅದನ್ನೂ ಒಳಗೊಂಡು ಕಾಪಾಡಬೇಕೆಂದು ವಿಧಿಸಿ, ಮಗುವಿನ ಘನತೆಗೆ ತೀವ್ರ ಧಕ್ಕೆಯಾಗುವಲ್ಲಿ ಆ ಹಕ್ಕಿನ ನಿರ್ವಹಣೆಯನ್ನು ಅವರಿಂದ ಬಿಡಿಸಿ ಬೇರೆಯವರಿಗೆ ವಹಿಸುವ ಅವಕಾಶವನ್ನು ತೆರೆಯಿತು. ರುಜುವಿನ ಅಧಿಕಾರಕ್ಕೆ ಷರತ್ತುಗಳಿವೆ ಎಂದು ಕಾನೂನು ಬಾಯಿಬಿಟ್ಟು ಹೇಳಲು 1903ರಿಂದ ಇಷ್ಟು ಕಾಲ ಹಿಡಿಯಿತು.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ 2017ರ ಆಗಸ್ಟ್ 24ರ ತೀರ್ಪು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರನ್ನು ಹೊತ್ತಿದೆ. ಒಂಬತ್ತು ನ್ಯಾಯಮೂರ್ತಿಗಳ ಆ ಪೀಠದಲ್ಲಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಮಕ್ಕಳು ಅಂತರ್ಜಾಲದಲ್ಲಿ ಅಳಿಯದ ಹೆಜ್ಜೆಗಳನ್ನು ಬಿಡುತ್ತಿರುವುದನ್ನು ಗುರುತಿಸಿ, ಅವರ ಖಾಸಗಿತನಕ್ಕೆ ವಿಶೇಷ ರಕ್ಷಣೆ ಬೇಕೆಂದರು. ಅಪರಾಧಕ್ಕೆ ತುತ್ತಾದ ಅಥವಾ ಕಾನೂನಿನೊಡನೆ ಸಂಘರ್ಷಕ್ಕೆ ಸಿಲುಕಿದ ಮಕ್ಕಳ ಗುರುತನ್ನು ಬಯಲುಮಾಡದಂತೆ ಪೋಕ್ಸೋ ಹಾಗೂ ಬಾಲನ್ಯಾಯ ಕಾಯ್ದೆಗಳು ಮುಂಚೆಯೇ ತಡೆದಿದ್ದವು. ಉಳಿದ ಮಕ್ಕಳ ದಿನನಿತ್ಯದ ಚಿತ್ರಗಳಿಗೆ ಸಂಬಂಧಿಸಿ ನೋಡಬೇಕಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು.

ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದು ಎಣಿಸುವ ಈ ಕಾಯ್ದೆಯ 9ನೆಯ ಪ್ರಕರಣ, ಕಂಪನಿಗಳು ಮಕ್ಕಳ ದತ್ತಾಂಶ ಬಳಸುವ ಮೊದಲು ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಹಿಟ್ಟಿನ ಗಿರಣಿಯ ಜಾಗದಲ್ಲಿ ಈಗ ಜಾಲತಾಣವಿದೆ, ಉಳಿದ ಕಟ್ಟಡ ರಾಚೆಸ್ಟರಿನದೇ. ಇನ್ನೊಂದು ಕಡೆ, 3ನೆಯ ಪ್ರಕರಣ ವ್ಯಕ್ತಿಗಳು ವೈಯಕ್ತಿಕ ಅಥವಾ ಮನೆಬಳಕೆಯ ಉದ್ದೇಶಕ್ಕಾಗಿ ಬಳಸುವ ದತ್ತಾಂಶವನ್ನು ಕಾಯ್ದೆಯಿಂದ ಪೂರ್ತಿ ಹೊರಗಿಡುವುದರಿಂದ, ಮಗಳ ಚಿತ್ರ ಹಾಕುವ ತಂದೆ ಅದರ ಕೈಗೆ ಸಿಗುವುದು ಕಷ್ಟ. ಇವೆರಡಕ್ಕಿಂತ ಕುತೂಹಲಕರವಾದದ್ದು ವ್ಯಾಖ್ಯೆಗಳ ಭಾಗದಲ್ಲಿದೆ: ದತ್ತಾಂಶ ಯಾರಿಗೆ ಸಂಬಂಧಿಸಿದ್ದೋ ಆ ವ್ಯಕ್ತಿಯನ್ನು ಕಾಯ್ದೆ 'ಡೇಟಾ ಪ್ರಿನ್ಸಿಪಲ್' ಎಂದು ಕರೆದು, ಆ ವ್ಯಕ್ತಿ ಮಗುವಾಗಿದ್ದರೆ ತಂದೆತಾಯಿಯೂ ಅದರಲ್ಲಿ ಸೇರುತ್ತಾರೆ ಎನ್ನುತ್ತದೆ. ಮಗುವಿನ ಪರವಾಗಿ ರುಜು ಹಾಕುತ್ತಿದ್ದವರು ಇಲ್ಲಿ ಮಗುವಿನೊಳಗೇ ಸೇರಿಹೋಗಿದ್ದಾರೆ, ಹೀಗಾಗಿ ತಂದೆತಾಯಿಯ ವಿರುದ್ಧ ಮಗು ಎಂಬ ಸಂದರ್ಭವನ್ನು ಈ ವ್ಯಾಖ್ಯೆಯೊಳಗೆ ಕಲ್ಪಿಸಿಕೊಳ್ಳುವುದೇ ಕಠಿಣ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2021ರ ತನ್ನ 25ನೆಯ ಸಾಮಾನ್ಯ ವಿವರಣೆಯಲ್ಲಿ ತಂದೆತಾಯಿ ಚಿತ್ರ ಹಂಚಿಕೊಳ್ಳುವುದನ್ನು ಮಗುವಿನ ಖಾಸಗಿತನಕ್ಕಿರುವ ಅಪಾಯಗಳಲ್ಲಿ ಹೆಸರಿಸಿ ಹೇಳಿದ ಎರಡು ವರ್ಷಗಳ ಅನಂತರ ಬಂದ ಕಾಯ್ದೆ ಇದು. ತಾನು ಹಿಂದೆ ಕೊಟ್ಟ ಒಪ್ಪಿಗೆಯ ಮೇಲೆ ಬಳಕೆಯಾದ ದತ್ತಾಂಶವನ್ನು ಅಳಿಸುವಂತೆ ಕೇಳುವ ಹಕ್ಕನ್ನು 12ನೆಯ ಪ್ರಕರಣ ಕೊಡುತ್ತದೆ, ಹದಿನೆಂಟು ತುಂಬಿದ ಮಗಳು ಅದನ್ನು ಆಧಾರವಾಗಿಟ್ಟುಕೊಂಡು ಅರ್ಜಿ ಬರೆಯಲೂಬಹುದು. ಆದರೆ ಆ ಅರ್ಜಿಗೆ ಉತ್ತರಿಸಬೇಕಾದದ್ದು ಕಂಪನಿ, ಚಿತ್ರ ತೆಗೆದು ಹಾಕಿದ ಅಪ್ಪನಾಗಲಿ, ಅದನ್ನು ಇಳಿಸಿಟ್ಟುಕೊಂಡ ನೆಂಟರಾಗಲಿ ಅಲ್ಲ.